ವ್ಯಾನಿನ ಏ.ಸಿ. ಮೊಂಡು ಹಿಡಿದಾಗ

ಏಪ್ರಿಲ್ ತಿಂಗಳ ಮಧ್ಯಾಹ್ನ ಕಡೂರಿನ ಬಯಲನ್ನು ಹಾದುಹೋದವರಿಗೆ ಅಲ್ಲಿಯ ಬಿಸಿಲನ್ನು ವರ್ಣಿಸಬೇಕಾಗಿಲ್ಲ. ಮಲಗುವ, ಅಡಿಗೆ ಮಾಡುವ ಅನುಕೂಲವುಳ್ಳ ಕ್ಯಾಂಪರ್ ವ್ಯಾನಿನಲ್ಲಿ ಸಂಸಾರ ಸಮೇತ ಅರಸೀಕೆರೆಯ ಮೇಲೆ ಬಂದು, ಕಡೂರು, ಬೀರೂರು, ತರೀಕೆರೆಗಳನ್ನು ದಾಟಿ ಕೆಮ್ಮಣ್ಣುಗುಂಡಿಗೆ ಹೋಗುವವರು ಈಗ ಉಂಟು. ಬೆಟ್ಟ ಹತ್ತಿದ ಮೇಲೆ ಏ.ಸಿ.ಯ ಗೊಡವೆ ಬೇಡ, ಕಂಬಳಿ ಇದ್ದರೆ ಸಾಕು. ಬಯಲಿನಲ್ಲಿ ಒಂದು ರಾತ್ರಿ ತಂಗಬೇಕಾಗಿ ಬಂದು, ಒಳಗೆ ಹಸುಗೂಸೋ ವಯಸ್ಸಾದವರೋ ಇದ್ದು, ಯಂತ್ರ ಮೂಕವಾದರೆ ಏನು ಮಾಡುತ್ತೀರಿ? ತಗಡಿನ ಗೂಡು ಹಗಲಿಡೀ ಕಾದ ಹೆಂಚಿನಂತಾಗಿರುತ್ತದೆ.

ಇಂಥ ವ್ಯಾನುಗಳಲ್ಲಿ ಸಾಮಾನ್ಯವಾಗಿ ಎರಡು ಏ.ಸಿ. ಇರುತ್ತವೆಂಬುದನ್ನು ಮೊದಲು ತಿಳಿಯತಕ್ಕದ್ದು. ಮುಂದಿನದು ಎಂಜಿನ್ನಿನ ಬೆಲ್ಟಿನಿಂದ ತಿರುಗುವುದು; ಹಿಂದಿನದು ಮನೆಯದರಂತೆ 230 ವೋಲ್ಟಿನದು, ಹೊರಗಿನ ಪ್ಲಗ್ಗಿನಿಂದಲೋ ಬ್ಯಾಟರಿ ಮತ್ತು ಇನ್ವರ್ಟರಿನಿಂದಲೋ ನಡೆಯುವುದು. ಯಾವುದು ಕೆಟ್ಟಿದೆಯೆಂದು ನೋಡದೆ ಮುಚ್ಚಳ ಬಿಚ್ಚುವುದು ವ್ಯರ್ಥ ಶ್ರಮ.

ಮುಂದಿನದರ ಪರೀಕ್ಷೆ ಸುಲಭ. ಎಂಜಿನ್ ನಡೆಯುತ್ತಿರುವಾಗ ಗುಂಡಿ ಒತ್ತಿ ಕಿವಿಗೊಡಿ. ಕಂಪ್ರೆಸರಿನ ಕ್ಲಚ್ ಕಚ್ಚಿಕೊಂಡರೆ 'ಟಕ್' ಎನ್ನುತ್ತದೆ. ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿ, ಬಳಿಕ ರಿಲೇಯನ್ನು ಅದೇ ಜಾತಿಯ ಇನ್ನೊಂದರೊಡನೆ ಅದಲುಬದಲು ಮಾಡಿ. ಎರಡೂ ಸರಿಯಿದ್ದು ಸದ್ದು ಬಾರದಿದ್ದರೆ, ಗ್ಯಾಸ್ ಕಡಿಮೆಯಾಗಿ ಒತ್ತಡದ ಸ್ವಿಚ್ಚು ವಿದ್ಯುತ್ತನ್ನು ತಡೆದಿರಬಹುದು. ಆ ಸ್ವಿಚ್ಚನ್ನು ತಂತಿ ಹಾಕಿ ದಾಟಿಸುವ ಜಾಣತನ ಕಂಪ್ರೆಸರಿಗೇ ಮೃತ್ಯು. ಓಡುವಾಗ ತಂಪಿದ್ದು ರೈಲ್ವೆ ಗೇಟಿನಲ್ಲಿ ನಿಂತಾಗ ಬಿಸಿಗಾಳಿ ಬಂದರೆ ಕಂಡೆನ್ಸರಿನ ಫ್ಯಾನನ್ನು ಶಂಕಿಸಿ. ಒಳಗಿನ ಫ್ಯಾನು ಅತಿ ವೇಗದಲ್ಲಿ ಮಾತ್ರ ತಿರುಗಿದರೆ ಬಹುಮಟ್ಟಿಗೆ ಅದರ ರೆಸಿಸ್ಟರ್ ಸುಟ್ಟಿದೆಯೆಂದೇ ಅರ್ಥ. ನಿಮ್ಮ ಟ್ರಾನ್ಸಿಸ್ಟರ್ ರೇಡಿಯೋ ಕೂಡ ಇಲ್ಲಿ ನೆರವಾದೀತು: ಎಂಜಿನ್ನನ್ನೂ ಇನ್ವರ್ಟರನ್ನೂ ನಿಲ್ಲಿಸಿ, ಮಧ್ಯಮ ತರಂಗದಲ್ಲಿ ನಿಲ್ದಾಣವಿಲ್ಲದ ಕಡೆ ಮುಳ್ಳಿಟ್ಟು, ಫ್ಯಾನ್ ಹಾಕಿದಾಗ ಮಾತ್ರ ಚರಚರ ಸದ್ದು ಬಂದರೆ ಅದರ ಮೋಟಾರಿನಲ್ಲೋ ಸಡಿಲ ಜೋಡಣೆಯಲ್ಲೋ ಕಿಡಿ ಹಾರುತ್ತಿದೆ.

ನಿಜವಾಗಿ ಜನ ಸೋಲುವುದು ಹಿಂದಿನ ಏ.ಸಿ.ಯ ವಿಷಯದಲ್ಲಿ. ತರೀಕೆರೆಯ ಕಡೆ ಅಡಿಕೆ ತೋಟದ ಮನೆಯ ಅಂಗಳದಲ್ಲಿ ವ್ಯಾನು ನಿಲ್ಲಿಸಿದ್ದೀರಿ ಎಂದಿಟ್ಟುಕೊಳ್ಳಿ. ಸುತ್ತಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ನಡೆಯುವ ಹೊತ್ತಿನಲ್ಲಿ 230 ಇರಬೇಕಾದ ವೋಲ್ಟೇಜು 190ಕ್ಕೆ ಇಳಿದಿರಬಹುದು. ಮನೆಯವರು ಕೊಟ್ಟ ಎಕ್ಸ್‌ಟೆನ್ಷನ್ ವೈರು 30 ಮೀಟರ್ ಉದ್ದ, 1 ಚದರ ಮಿಲಿಮೀಟರ್ ದಪ್ಪ. ಹೋಗಿ ಬರುವ ದಾರಿ 60 ಮೀಟರ್. ತಾಮ್ರವಾದರೂ ಅದರ ತಡೆ ಸುಮಾರು 1 ಓಮ್. ಹಳೆಯ ಮಾದರಿಯ ಕಂಪ್ರೆಸರ್ ನಡೆಯುವಾಗ ಐದಾರು ಆಂಪಿಯರ್ ಎಳೆದರೂ, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಬೇಡುತ್ತದೆ. 25 ಆಂಪಿಯರ್ ಎನ್ನಿ: ವೈರಿನಲ್ಲೇ 25 ವೋಲ್ಟು ಸೋರಿಹೋಯಿತು, ಯಂತ್ರಕ್ಕೆ ಮುಟ್ಟಿದ್ದು 165. ಅದು 'ಗುಂಯ್' ಎಂದು ಗುನುಗಿ, ಮೇಲೇಳಲಾರದೆ, ಒಳಗಿನ ರಕ್ಷಕ ಸ್ವಿಚ್ಚಿನಿಂದ ಆರಿಹೋಗುತ್ತದೆ. ನೀವು ಏ.ಸಿ. ಕೆಟ್ಟಿತೆನ್ನುತ್ತೀರಿ, ಕೆಟ್ಟದ್ದು ವೈರಿನ ಆಯ್ಕೆ! 2.5 ಚದರ ಮಿಲಿಮೀಟರಿನ ವೈರಾಗಿದ್ದರೆ ನಷ್ಟ 10 ವೋಲ್ಟಿನ ಆಸುಪಾಸು. ವೈರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ ಹಾಸಬೇಕು, ಇಲ್ಲವಾದರೆ ಕಾದು ಕರಗೀತು. ಆರಿದ ಕೂಡಲೆ ಮತ್ತೆ ಮತ್ತೆ ಗುಂಡಿ ಒತ್ತಬೇಡಿ. ಐದು ನಿಮಿಷ ತಾಳಿ. ಯಂತ್ರದ ಬಳಿಯಲ್ಲೇ ವೋಲ್ಟೇಜು ಸರಿಯಿದ್ದೂ ಗುನುಗುವುದಾದರೆ ಕಪಾಸಿಟರ್ ಸೋತಿರಬಹುದು. ವಿದ್ಯುತ್ತು ತೆಗೆದ ಮೇಲೂ ಅದರಲ್ಲಿ ಶಕ್ತಿ ಉಳಿದಿರುವುದರಿಂದ ಅದು ತಿಳಿದವರ ಕೆಲಸ.

ಬ್ಯಾಟರಿಯ ಲೆಕ್ಕವೂ ಕಠಿಣವೇ. 1,100 ವಾಟ್ ಬೇಡುವ ಏ.ಸಿ. ಇನ್ವರ್ಟರಿನ ನಷ್ಟ ಸೇರಿ 12 ವೋಲ್ಟಿನಿಂದ ಸುಮಾರು 100 ಆಂಪಿಯರ್ ಎಳೆಯುತ್ತದೆ. 200 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧ ಉಳಿಸಿ ಬಳಸಿದರೆ ಒಂದು ಗಂಟೆಯೂ ಬಾರದು. ಇಷ್ಟು ಪ್ರವಾಹದಲ್ಲಿ, ಓಮಿನ ನೂರನೆಯ ಒಂದು ಪಾಲಿನ ತಡೆಯುಳ್ಳ ಸಡಿಲ ಟರ್ಮಿನಲ್ ಕೂಡ ಒಂದು ವೋಲ್ಟನ್ನು ನುಂಗಿ, 100 ವಾಟ್ ಶಾಖ ಮಾಡುತ್ತದೆ. ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ಕೂಗಿ ನಿಂತರೆ, ಭಾರವಿರುವಾಗಲೇ ಬ್ಯಾಟರಿಯ ಕಂಬದಲ್ಲೊಮ್ಮೆ, ಇನ್ವರ್ಟರಿನ ಬಾಯಲ್ಲೊಮ್ಮೆ ಅಳೆಯಿರಿ. ವ್ಯತ್ಯಾಸ ಕಂಡಲ್ಲಿ ದೋಷ.

ಅರ್ತಿಂಗ್ ವಿಷಯವನ್ನು ಮಾತ್ರ ಹಗುರವಾಗಿ ಕಾಣಬೇಡಿ. ವ್ಯಾನು ನಿಂತಿರುವುದು ರಬ್ಬರಿನ ಚಕ್ರಗಳ ಮೇಲೆ. ಅಜ್ಜಂಪುರದ ಕಡೆಯ ಯಾವುದೋ ಹಳೆಯ ಮನೆಯ ಪ್ಲಗ್ಗಿನಲ್ಲಿ ಮೂರನೆಯ ತೂತು ಬರಿಯ ಅಲಂಕಾರವಾಗಿದ್ದರೆ, ಏ.ಸಿ.ಯೊಳಗೆ ಸೋರಿದ ವಿದ್ಯುತ್ತು ಇಡೀ ತಗಡಿಗೆ ಹಬ್ಬಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಹಿಡಿದ ಮಗುವಿನ ಮೂಲಕ ಭೂಮಿಗೆ ಇಳಿಯುತ್ತದೆ. ಬಾಗಿಲು ಮುಟ್ಟಿದಾಗ ಜುಮ್ಮೆಂದಿತೆಂದು ಯಾರಾದರೂ ಅಂದರೆ ನಗಬೇಡಿ. ಎಲ್ಲರೂ ವ್ಯಾನಿನಿಂದ ಕೈ ದೂರವಿಡಲಿ; ಒಳಗಿರುವವರು ಇಳಿಯದೆ ಒಳಗೇ ಇರಲಿ; ಒಬ್ಬರು ಮನೆಯೊಳಗಿನ ಮೇನ್ ಸ್ವಿಚ್ಚನ್ನು ಆರಿಸಿ, ಆಮೇಲೆ ಪ್ಲಗ್ಗನ್ನು ಕೀಳಲಿ. 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ಚು ವ್ಯಾನಿನಲ್ಲಿದೆಯೇ, ಅದರ ಪರೀಕ್ಷೆಯ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂಬುದನ್ನು ಬಾಡಿಗೆ ಕೊಡುವ ಮುನ್ನವೇ ನೋಡಿಕೊಳ್ಳಿ.

ರಿಪೇರಿಯವನನ್ನು ಕರೆಯುವಾಗ ಯಾವ ಏ.ಸಿ., 'ಟಕ್' ಎಂದಿತೋ ಗುನುಗಿತೋ, ಆ ಹೊತ್ತಿನಲ್ಲಿ ವೋಲ್ಟೇಜು ಎಷ್ಟಿತ್ತು ಎಂದು ಹೇಳಿ. ಬೇಕಾದ ಸಾಮಾನು ಕಡೂರಿನಿಂದ ಒಂದೇ ಸಲಕ್ಕೆ ಬಂದೀತು.