ಹುಲಿಪಟ್ಟೆಯ ಕೋವಿಯೂ ಮುದ್ರೆಯ ಪರೀಕ್ಷೆಯೂ

ಹಳೆಯ ಆಯುಧದ ಬೆಲೆಯನ್ನು ಎಷ್ಟೋ ಸಲ ಅದರ ಮೇಲಿನ ಮುದ್ರೆಯೇ ನಿರ್ಧರಿಸುತ್ತದೆ. ಜರ್ಮನ್ ಸೇನೆಯ ಲೂಗರ್ ಪಿಸ್ತೂಲಿನಲ್ಲಿ ಅದು ತಪಾಸಣೆಯ ಹದ್ದಿನ ಗುರುತಾದರೆ, ಕರ್ನಾಟಕದ ಮಟ್ಟಿಗೆ ಟಿಪ್ಪು ಸುಲ್ತಾನನ ಚಕಮಕಿ ಕೋವಿಗಳ, ಅಂದರೆ ಕಲ್ಲು ಉಕ್ಕಿಗೆ ಬಡಿದು ಹಾರುವ ಕಿಡಿಯಿಂದ ಮದ್ದು ಹೊತ್ತಿಕೊಳ್ಳುವ ಕೋವಿಗಳ, ಮೇಲಿರುವ ಹುಲಿಪಟ್ಟೆ ಮತ್ತು ‘ಹೈದರ್’ ಎಂಬ ಅಕ್ಷರಮುದ್ರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಇವುಗಳಲ್ಲಿ ಹಲವು ಕೊಳ್ಳೆಯಾಗಿ ಇಂಗ್ಲೆಂಡಿಗೆ ಹೋದವು; ಬೇಡಿಕೆ ಇರುವಲ್ಲಿ ನಕಲಿಗೂ ಜಾಗವಿರುತ್ತದೆ.

ಮೊದಲ ಪರೀಕ್ಷೆ ಇಸವಿಯದು. 1787ರ ಸುಮಾರಿಗೆ ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಎಣಿಕೆಯನ್ನು ಜಾರಿಗೆ ತಂದನಲ್ಲದೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಹೀಗಾಗಿ 1798-99ಕ್ಕೆ ಸಲ್ಲುವ ಮೌಲೂದಿ 1226 ಎಂಬುದು ಕಣ್ಣಿಗೆ 6221 ಎಂದು ಕಾಣುತ್ತದೆ. ಅದನ್ನು ತಿರುಗಿಸಿ ಓದಿದರೂ ಹಿಜರಿ ಎಂದು ಭಾವಿಸಿದವರಿಗೆ 1811 ಸಿಕ್ಕಿ, ಟಿಪ್ಪು ಸತ್ತು ಹನ್ನೆರಡು ವರ್ಷಗಳ ನಂತರದ ಕೋವಿಯೆಂಬ ವಿಚಿತ್ರ ನಿರ್ಣಯಕ್ಕೆ ಬರಬೇಕಾಗುತ್ತದೆ. ಅಸಲಿಯೇ ಅನುಮಾನಕ್ಕೆ ಒಳಗಾಗುವ ಸಂದರ್ಭವಿದು. ಇದಕ್ಕೆ ವಿರುದ್ಧವಾಗಿ, ಹಿಜರಿ 1213 ಎಂದು ಎಡದಿಂದ ಬಲಕ್ಕೆ ನೇರವಾಗಿ ಕೆತ್ತಿದ ಅಂಕಿ, ಲೆಕ್ಕಕ್ಕೆ ಸರಿಹೊಂದಿದರೂ, ಅವನ ಕೊನೆಯ ವರ್ಷಗಳ ಪದ್ಧತಿಗೆ ಹೊಂದುವುದಿಲ್ಲ.

ಆದರೆ ಚೆನ್ನಾಗಿ ಓದಿಕೊಂಡ ನಕಲಿಗಾರ ಇಸವಿಯನ್ನು ಸರಿಯಾಗಿಯೇ ಹಾಕಬಲ್ಲ. ಆಗ ಉಳಿಯುವುದು ಲೋಹದ ಸಾಕ್ಷ್ಯ. ಅಚ್ಚನ್ನು ಸುತ್ತಿಗೆಯಿಂದ ಬಡಿದಾಗ ಲೋಹ ಕಳೆದುಹೋಗದೆ ಪಕ್ಕಕ್ಕೆ ಸರಿದು, ಗುರುತಿನ ಅಂಚಿನಲ್ಲಿ ಸಣ್ಣ ಏರು ಮೂಡುತ್ತದೆ, ಅಡಿಯ ಹರಳುಗಳು ಒತ್ತಲ್ಪಡುತ್ತವೆ. (ಅರೆದು ಅಳಿಸಿದ ಸಂಖ್ಯೆಗಳನ್ನು ಪೊಲೀಸ್ ಪ್ರಯೋಗಾಲಯಗಳು ಆಮ್ಲದಿಂದ ಮತ್ತೆ ತೋರಿಸುವುದು ಈ ಒತ್ತಡದ ಕುರುಹಿನಿಂದಲೇ.) ಉಳಿಯಿಂದ ಕೆತ್ತಿದ ಗುರುತಿನಲ್ಲಿ ಲೋಹ ಹೊರಬಂದಿರುತ್ತದೆ, ಉಳಿಯ ಗೆರೆಗಳು ಭೂತಗನ್ನಡಿಗೆ ಕಾಣುತ್ತವೆ.

ಎಲ್ಲಕ್ಕಿಂತ ನಂಬತಕ್ಕದ್ದು ತುಕ್ಕು. 1783-84ರಲ್ಲಿ ಟಿಪ್ಪುವಿನ ಸೇನೆ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿದ ಕರಾವಳಿಯಲ್ಲಿ, ಭಟ್ಕಳ, ಕಾಯ್ಕಿಣಿಗಳ ಉಪ್ಪುಗಾಳಿಯಲ್ಲಿ, ಕಬ್ಬಿಣ ಸಮನಾಗಿ ಸವೆಯದೆ ಗುಳಿಗುಳಿಯಾಗಿ ಕೊರೆಯಲ್ಪಡುತ್ತದೆ. ಆ ಗುಳಿಗಳು ಮುದ್ರೆಯ ಗೆರೆಗಳನ್ನೂ ತಿಂದಿದ್ದರೆ ಮುದ್ರೆ ತುಕ್ಕಿಗಿಂತ ಹಳೆಯದು. ಮುದ್ರೆಯೇ ಗುಳಿಯ ಅಂಚನ್ನು ಅಮುಕಿ ತಳದಲ್ಲಿ ಹೊಸ ಲೋಹ ಹೊಳೆಯುತ್ತಿದ್ದರೆ ಅದು ಆಮೇಲೆ ಬಿದ್ದದ್ದು. ಮನೆಯಲ್ಲಿ ಉಳಿದ ಹಳೆಯ ನಳಿಗೆಯನ್ನು ಮರಳುಕಾಗದದಿಂದ ಉಜ್ಜಿ ಬೆಳಗಿಸುವ ಉತ್ಸಾಹ ಈ ಕ್ರಮವನ್ನೇ ಒರಸಿಹಾಕುತ್ತದೆ. ಅಂಥ ಕೋವಿ ಅಸಲಿಯೇ ಆಗಿದ್ದರೂ ಅದನ್ನು ಸಾಬೀತುಪಡಿಸುವುದು ಕಷ್ಟ.