ನಿಂತ ಬೋಟಿನಲ್ಲಿ ಬ್ಯಾಟರಿ ಉಳಿಸುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಬೋಟುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಎಂಜಿನ್ ನಿಂತರೂ ಬ್ಯಾಟರಿಯ ಖರ್ಚು ನಿಲ್ಲುವುದಿಲ್ಲ.

ಜಿಪಿಎಸ್, ಫಿಶ್ ಫೈಂಡರ್, ವಯರ್‌ಲೆಸ್‌ಗಳಲ್ಲಿ ಯಾವುದೋ ಒಂದು ಆಫ್ ಆಗದೆ ಉಳಿದಿದೆ, ಅಥವಾ ಉಪ್ಪು ಹಿಡಿದ ಜಾಯಿಂಟಿನಲ್ಲಿ ಕರೆಂಟ್ ಸೋರುತ್ತಿದೆ ಎನ್ನಿ. ಬರೀ 0.1 ಆಂಪಿಯರ್ ಹರಿದರೂ 61 ದಿನಕ್ಕೆ 146 ಆಂಪಿಯರ್ ಅವರ್ ಆಯಿತು. 150ರ ಬ್ಯಾಟರಿ ಅಲ್ಲಿಗೆ ಹೆಚ್ಚುಕಡಿಮೆ ಖಾಲಿ. ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬಾರದು.

ಹಾಗಾಗಿ ಮೇನ್ ಸ್ವಿಚ್ ಆಫ್ ಮಾಡಲೇಬೇಕು. ಆದರೆ ಬೋಟು ನೀರಿನಲ್ಲೇ ಇದ್ದರೆ, ತಳದ ನೀರು ಹೊರಹಾಕುವ ಬಿಲ್ಜ್ ಪಂಪಿಗೆ ಮಾತ್ರ ಕರೆಂಟ್ ಕಡಿಯಬಾರದು. ಅದರ ವಯರು ಮೇನ್ ಸ್ವಿಚ್ಚಿಗೆ ಹೋಗದೆ, ತನ್ನದೇ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಸೇರಿರಬೇಕು. ಒಳಗಿನ ನೀರು ಏರಿದಾಗ ಫ್ಲೋಟ್ ಸ್ವಿಚ್ ಮೇಲೆದ್ದು ಪಂಪನ್ನು ನಡೆಸುತ್ತದೆ. ಕರಾವಳಿಯ ಜಡಿಮಳೆಯಲ್ಲಿ ಪಂಪು ಮತ್ತೆ ಮತ್ತೆ ಓಡಿ ಬ್ಯಾಟರಿಯನ್ನು ಬರಿದು ಮಾಡುವುದೂ ಉಂಟು. ಬ್ಯಾಟರಿ ಸತ್ತರೆ ಪಂಪು ನಿಂತಿತು, ಪಂಪು ನಿಂತರೆ ಕಟ್ಟಿದ ಜಾಗದಲ್ಲೇ ಬೋಟು ಮುಳುಗೀತು. ಪಂಪಿಗೆ ಬೇರೆ ಬ್ಯಾಟರಿ, ಎಂಜಿನ್ ಸ್ಟಾರ್ಟಿಗೆ ಬೇರೆ ಬ್ಯಾಟರಿ ಇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ಫ್ಲೋಟನ್ನು ಕೈಯಿಂದ ಎತ್ತಿ ನೋಡಬೇಕು, ಪಂಪಿನ ಬಾಯಿಗೆ ಸಿಕ್ಕ ಕಸ ತೆಗೆಯಬೇಕು.

ಮೀಟರ್ ಜೊತೆಗಿರಲಿ. ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟಿನ ಬ್ಯಾಟರಿ 12.6 ತೋರಿಸಿದರೆ ತುಂಬಿದೆ. 12.4ಕ್ಕೆ ಇಳಿದರೆ ಮುಕ್ಕಾಲು ಉಳಿದಿದೆ. ಆಗಲೇ ಚಾರ್ಜಿಗೆ ಹಾಕಿ. 24 ವೋಲ್ಟಿಗೆ ಎರಡನ್ನು ಜೋಡಿಸಿದ್ದರೆ ಒಂದೊಂದನ್ನೂ ಬೇರೆಯಾಗಿ ಅಳೆಯಿರಿ, ಇಲ್ಲದಿದ್ದರೆ ಸೊರಗಿದ್ದು ಗೊತ್ತಾಗುವುದಿಲ್ಲ. ಸಣ್ಣ ಸೋಲಾರ್ ಪ್ಯಾನೆಲ್ ಬ್ಯಾಟರಿ ತಾನಾಗಿ ಇಳಿಯುವುದನ್ನು ಸರಿದೂಗಿಸೀತು; ಮೋಡದ ದಿನಗಳಲ್ಲಿ ಪಂಪಿನ ಖರ್ಚನ್ನೂ ತುಂಬುತ್ತದೆ ಎಂದು ನಂಬಬೇಡಿ.

ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಎಂಜಿನ್ ರೂಮಿನ ಬಾಗಿಲು ತೆರೆದಿರಲಿ, ಹತ್ತಿರ ಬೀಡಿ ಬೇಡ. ದಡದಿಂದ ವಯರ್ ಎಳೆದರೆ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಇಎಲ್‌ಸಿಬಿ ಇರಲೇಬೇಕು.

ದಡಕ್ಕೆ ಎಳೆದ ಬೋಟಿಗೆ ಪಂಪಿನ ಚಿಂತೆಯಿಲ್ಲ. ಮಳೆನೀರು ಹೋಗಲು ತಳದ ಬಿರಡೆ ತೆಗೆದರೆ ಸಾಕು. ಬ್ಯಾಟರಿಯನ್ನು ಮನೆಗೆ ಒಯ್ಯಿರಿ. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಟರ್ಮಿನಲ್ಲುಗಳಿಗೆ ವ್ಯಾಸಲಿನ್ ಹಚ್ಚಿ.