ಭಾರ ನೆಲಕ್ಕೆ, ಕಣ್ಣು ಹಕ್ಕಿಗೆ

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ. ಬೆಳಿಗ್ಗೆ ಆರೂವರೆ. ನೀರಿನ ಮೇಲೆ ಬಾಗಿದ ಒಣಕೊಂಬೆಯ ತುದಿಯಲ್ಲಿ ಮಿಂಚುಳ್ಳಿಯೊಂದು ಕೂತಿತ್ತು. ಇನ್ನೇನು ಧುಮುಕುತ್ತದೆ ಎಂದು ಕ್ಯಾಮೆರಾ ಕಣ್ಣಿಗೊತ್ತಿಕೊಂಡು ನಿಂತೆ. ಎರಡೇ ನಿಮಿಷಕ್ಕೆ ಎಡಗೈ ನಡುಗತೊಡಗಿತು. ಸೋತು ಲೆನ್ಸ್ ಇಳಿಸಿದೆ. ಆಗಲೇ ನೀರು ‘ಚಳಕ್’ ಎಂದಿತು. ತಲೆ ಎತ್ತುವಷ್ಟರಲ್ಲಿ ಮಿಂಚುಳ್ಳಿ ಮೀನು ಕಚ್ಚಿಕೊಂಡು ಕೊಂಬೆಗೆ ಮರಳಿತ್ತು. ಮೋನೋಪಾಡ್ ಕೊಳ್ಳಲೇಬೇಕೆಂದು ನಿಶ್ಚಯಿಸಿದ್ದು ಅವತ್ತೇ.

ನಿಕಾನ್ 200-500 ಎಂ.ಎಂ. ಲೆನ್ಸ್ 2.3 ಕಿಲೋ ತೂಗುತ್ತದೆ. ಡಿ500 ಕ್ಯಾಮೆರಾ ಸೇರಿದರೆ ಮೂರು ಕಿಲೋ ದಾಟುತ್ತದೆ. ಸೋನಿಯ 200-600 ಕೂಡ ಎರಡು ಕಿಲೋಗಿಂತ ಹೆಚ್ಚು. ಟ್ರೈಪಾಡ್ ಇಡೋಣವೆಂದರೆ ನಮ್ಮ ಕೆರೆ ಏರಿಗಳ ತುಂಬ ಬೆಳಗಿನ ವಾಕಿಂಗ್ ಮಂದಿ. ಮೂರು ಕಾಲು ಹರಡಿದರೆ ಅವರಿಗೆ ದಾರಿಯಿಲ್ಲ. ಹಕ್ಕಿ ಜಾಗ ಬದಲಿಸಿದರೆ ಅಷ್ಟನ್ನೂ ಮಡಚಿ ಓಡುವುದೂ ಆಗದ ಮಾತು. ಹಕ್ಕಿ ಛಾಯಾಗ್ರಹಣದಲ್ಲಿ ಮುಕ್ಕಾಲು ಪಾಲು ಕಾಯುವುದೇ. ಮೋನೋಪಾಡ್ ಎಂಬ ಒಂಟಿಕಾಲಿನ ಈ ಕೋಲು ಆ ಕಾಯುವ ಕಸುವನ್ನು ಕೊಡುತ್ತದೆ.

ಕೊಳ್ಳುವಾಗ

ಅಂಗಡಿಗೆ ನಿಮ್ಮದೇ ಲೆನ್ಸ್ ಒಯ್ಯಿರಿ. ಮೋನೋಪಾಡ್ ಹೊರಬಲ್ಲ ಭಾರ ನಿಮ್ಮ ಕ್ಯಾಮೆರಾ, ಲೆನ್ಸ್ ಎರಡರ ತೂಕದ ದುಪ್ಪಟ್ಟಾದರೂ ಇರಲಿ. ಪೂರ್ತಿ ಎಳೆದು ಮೇಲಿನಿಂದ ಒತ್ತಿ ನೋಡಿ: ಲಾಕ್ ಜಾರಬಾರದು, ಕೋಲು ಬಾಗಬಾರದು. ಭಾಗಗಳು ಹೆಚ್ಚಿದಷ್ಟೂ ಕೆಳಗಿನ ಕೊಳವೆ ಸಪೂರವಾಗುತ್ತದೆ. ಕಾರ್ಬನ್ ಫೈಬರ್ ಹಗುರ, ಬೆಲೆ ಜಾಸ್ತಿ. ಅಲ್ಯೂಮಿನಿಯಂ ಕೊಂಚ ಭಾರ, ಬಾಳಿಕೆಗೆ ಮೋಸವಿಲ್ಲ.

ಎತ್ತರದಲ್ಲಿ ಜಿಪುಣತನ ಬೇಡ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರೊಳಗಿನ ಮರಗಳ ಮೇಲೆ. ಲೆನ್ಸ್ ಮೇಲಕ್ಕೆತ್ತಿದಾಗ ಕ್ಯಾಮೆರಾ ಕೆಳಗಿಳಿಯುತ್ತದೆ. ಕೋಲು ಗಿಡ್ಡವಾದರೆ ಸೊಂಟ ಬಗ್ಗಿಸಿಯೇ ನಿಲ್ಲಬೇಕು.

ತಲೆಯ ಭಾಗಕ್ಕೆ ಹಿಂದೆ-ಮುಂದೆ ಮಾತ್ರ ವಾಲುವ ಟಿಲ್ಟ್ ಹೆಡ್ ಸಾಕು. ಅಕ್ಕಪಕ್ಕಕ್ಕೆ ಕೋಲೇ ತಿರುಗುತ್ತದೆ. ಬಾಲ್ ಹೆಡ್ ಆದರೆ ಭಾರಕ್ಕೆ ಲೆನ್ಸ್ ಎತ್ತ ಬೇಕಾದರೂ ಕುಸಿಯಬಹುದು. ಇನ್ನೊಂದು ಮಾತು: ಕೋಲಿಗೆ ಸಿಕ್ಕಿಸಬೇಕಾದದ್ದು ಲೆನ್ಸಿನ ಕಾಲರಿಗಿರುವ ಪಾದವನ್ನು. ಕ್ಯಾಮೆರಾದ ತಳವನ್ನು ಸಿಕ್ಕಿಸಿದರೆ ಲೆನ್ಸಿನ ಭಾರವೆಲ್ಲ ಮೌಂಟಿನ ಮೇಲೆ ಜಗ್ಗುತ್ತದೆ.

ನಿಲ್ಲುವ ಬಗೆ

ಕೋಲಿನ ತುದಿಯನ್ನು ಪಾದಗಳಿಗಿಂತ ಒಂದಡಿ ಮುಂದೆ ಊರಿ. ಕಾಲುಗಳನ್ನು ಹೆಗಲಗಲ ಇಟ್ಟು ಕೊಂಚ ಮುಂದಕ್ಕೆ ವಾಲಿ. ನಿಮ್ಮ ಎರಡು ಕಾಲು, ಕೋಲಿನದೊಂದು: ಟ್ರೈಪಾಡ್ ಸಿದ್ಧವಾಯಿತು. ಎಡಗೈಯನ್ನು ಲೆನ್ಸಿನ ಮೇಲಿಟ್ಟು ಮೆಲ್ಲಗೆ ನೆಲದತ್ತ ಒತ್ತಿ. ಕೆನ್ನೆ ಕ್ಯಾಮೆರಾಕ್ಕೆ ತಾಗಿರಲಿ. ಉಸಿರು ಅರ್ಧ ಬಿಟ್ಟು, ಶಟರ್ ಒತ್ತಿ. ಮೂರ್ನಾಲ್ಕು ಚಿತ್ರ ಒಟ್ಟಿಗೆ ತೆಗೆಯಿರಿ. ಬೆರಳಿನ ಅದುರು ಸಾಮಾನ್ಯವಾಗಿ ಮೊದಲನೆಯದರಲ್ಲೇ ಕಳೆದುಹೋಗುತ್ತದೆ. ಲೆನ್ಸಿನ ಅದುರು ತಡೆಯುವ ಸೌಲಭ್ಯ ಚಾಲೂ ಇರಲಿ, ಏಕೆಂದರೆ ಕೋಲು ಟ್ರೈಪಾಡಿನಷ್ಟು ಅಲುಗದೆ ನಿಲ್ಲುವುದಿಲ್ಲ.

ಇದಕ್ಕೂ ಮಿತಿಯಿದೆ. ಕೋಲು ನಿಮ್ಮ ಕೈಯ ಅದುರನ್ನು ತಗ್ಗಿಸುತ್ತದೆ, ಹಕ್ಕಿಯ ಚಲನೆಯನ್ನಲ್ಲ. 500 ಎಂ.ಎಂ. ಲೆನ್ಸ್ ಡಿ500 ಕ್ಯಾಮೆರಾದಲ್ಲಿ 750 ಎಂ.ಎಂ.ಗೆ ಸಮ. ಬರಿಗೈಗೆ ಹಳೆಯ ಲೆಕ್ಕದ ಪ್ರಕಾರ 1/800 ಸೆಕೆಂಡ್ ವೇಗ ಬೇಕು. ಕೋಲಿದ್ದರೆ, ಕೂತ ಹಕ್ಕಿಗೆ 1/250ಕ್ಕೂ ಇಳಿಯಬಹುದು. ಮೋಡದ ಮುಂಜಾನೆ ಇದು ದೊಡ್ಡ ಲಾಭ. ಹಾರುವ ಹಕ್ಕಿಗಾದರೆ 1/2000ರ ಆಸುಪಾಸು ಬೇಕೇ ಬೇಕು. ಸಫಾರಿ ಜೀಪಿನಲ್ಲಿ ಕೋಲು ಬೇಡ; ಎಂಜಿನ್ನಿನ ನಡುಕ ಅದರ ಮೂಲಕ ನೇರ ಲೆನ್ಸಿಗೇರುತ್ತದೆ. ಅಲ್ಲಿ ಬೀನ್ ಬ್ಯಾಗೇ ಸರಿ. ಮತ್ತೆ, ಕೋಲನ್ನು ಗೋಡೆಗೋ ಮರಕ್ಕೋ ಒರಗಿಸಿ ಕೈಬಿಡಬೇಡಿ. ಒಮ್ಮೆ ಜಾರಿದರೆ ವರ್ಷಗಳ ಉಳಿತಾಯ ನೆಲದ ಪಾಲು.

ಕಲಿಯಲು ಬಿ.ಟಿ.ಎಂ. ಲೇಔಟಿನ ಮಡಿವಾಳ ಕೆರೆಯ ಹೆಜ್ಜಾರ್ಲೆಗಿಂತ ಒಳ್ಳೆಯ ಗುರು ಸಿಗದು: ದೊಡ್ಡ ಹಕ್ಕಿ, ನಿಧಾನದ ಈಜು. ಕೈ ಪಳಗಿದ ಮೇಲೆ ನಾನು ಪುಟ್ಟೇನಹಳ್ಳಿಗೆ ಮರಳಿದೆ. ಹತ್ತು ನಿಮಿಷ ಕಣ್ಣು ಕೀಳದೆ ನಿಂತಾಗ ಕಂಡಿತು: ಮಿಂಚುಳ್ಳಿ ಧುಮುಕುವ ಮುನ್ನ ತಲೆಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸುತ್ತದೆ. ಅಷ್ಟು ದಿನವೂ ಅದು ಹಾಗೇ ಮಾಡುತ್ತಿದ್ದಿರಬೇಕು. ನೋಡಲು ನನ್ನ ತೋಳು ಬಿಟ್ಟಿರಲಿಲ್ಲ.